ಜತ್ತ ಸಂಸ್ಥಾನಕ್ಕೆ ಬಂದ ವಲಸೆಗಾರ: ಕ್ಲಾರಿ ಗ್ರಿಮೆಟ್

ಆಟವನ್ನೇ ಜೀವನೋಪಾಯ ಮಾಡಿಕೊಂಡ ಮೊದಲ ತಲೆಮಾರಿನ ಆಟಗಾರರ ಚರಿತ್ರೆ ಬಹುಮಟ್ಟಿಗೆ ಊರು ಬಿಟ್ಟು ಹೋದವರ ಚರಿತ್ರೆಯಾಗಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಕಡಲತೀರದ ಸಣ್ಣ ಊರುಗಳಿಂದ ಅಮೆರಿಕೆಗೆ ತೆರಳಿದ ಗಾಲ್ಫ್ ಆಟಗಾರರು ಇದಕ್ಕೆ ಪ್ರಸಿದ್ಧ ನಿದರ್ಶನ. ನಾರ್ತ್ ಬೆರ್ವಿಕ್ ಎಂಬ ಊರಿನಲ್ಲಿ 1879ರಲ್ಲಿ ಹುಟ್ಟಿದ ವಿಲ್ಲಿ ಆಂಡರ್ಸನ್ ಹದಿಹರೆಯದಲ್ಲೇ ಅಟ್ಲಾಂಟಿಕ್ ಸಾಗರ ದಾಟಿ, 1901ರಿಂದ 1905ರ ಒಳಗೆ ನಾಲ್ಕು ಬಾರಿ ಅಮೆರಿಕದ ಓಪನ್ ಪಂದ್ಯಾವಳಿಯನ್ನು ಗೆದ್ದು, 1910ರಲ್ಲಿ ಮೂವತ್ತೊಂದನೆಯ ವಯಸ್ಸಿಗೇ ತೀರಿಕೊಂಡರು. ಆ ಕಾಲದ ‘ಪ್ರೊಫೆಷನಲ್’ ಇಂದಿನ ಶ್ರೀಮಂತ ತಾರೆಯಲ್ಲ. ಕ್ಲಬ್ಬಿನ ಉಳ್ಳವರಿಗೆ ಆಟ ಹೇಳಿಕೊಡುವ, ಅವರ ಕೋಲುಗಳನ್ನು ಸರಿಪಡಿಸಿಕೊಡುವ, ಅವರು ಕರೆದಾಗ ಜೊತೆಗೆ ಆಡುವ ಸಂಬಳದ ಮನುಷ್ಯ. ಕೈಯಲ್ಲಿ ಕಸುಬು ಇದ್ದು ಅದಕ್ಕೆ ಹುಟ್ಟೂರಿನಲ್ಲಿ ಬೆಲೆ ಇಲ್ಲದಿದ್ದಾಗ, ಬೆಲೆ ಕೊಡುವ ನಾಡನ್ನು ಹುಡುಕಿಕೊಂಡು ಹೋಗುವುದು ಅವನಿಗೆ ಅನಿವಾರ್ಯವಾಗಿತ್ತು.

ಕ್ರಿಕೆಟ್ಟಿನಲ್ಲಿಯೂ ಇದೇ ಬಗೆಯ ವಲಸೆ ನಡೆಯಿತು, ಆದರೆ ಅದರ ಒಂದು ದಾರಿ ಭಾರತದ ದೇಶೀಯ ಸಂಸ್ಥಾನಗಳತ್ತ ತಿರುಗಿತ್ತು ಎಂಬುದು ನಮ್ಮ ನಾಡಿನ ದೃಷ್ಟಿಯಿಂದ ಮುಖ್ಯವಾದ ಸಂಗತಿ. ಪಟಿಯಾಲದ ಮಹಾರಾಜರು ಯಾರ್ಕ್‌ಶೈರಿನ ವಿಲ್‌ಫ್ರೆಡ್ ರೋಡ್ಸ್ ಅಂಥವರನ್ನು ತರಬೇತಿಗೆಂದು ಕರೆಸಿಕೊಂಡರು. ಮೆಲ್ಬರ್ನಿನಲ್ಲಿ ಹುಟ್ಟಿ, ಇಂಗ್ಲೆಂಡಿನ ಮಿಡ್ಲ್‌ಸೆಕ್ಸ್ ಕೌಂಟಿಯಲ್ಲಿ ಸಂಬಳಕ್ಕೆ ಆಡಿ ಹೆಸರು ಮಾಡಿದ ಫ್ರಾಂಕ್ ಟ್ಯಾರಂಟ್ ಅದೇ ಪಟಿಯಾಲದ ಆಶ್ರಯದಲ್ಲಿ ವರ್ಷಗಟ್ಟಲೆ ಕಳೆದು, 1935-36ರಲ್ಲಿ ಜಾಕ್ ರೈಡರ್ ನಾಯಕತ್ವದ ಆಸ್ಟ್ರೇಲಿಯದ ತಂಡವೊಂದನ್ನು ಭಾರತಕ್ಕೆ ಕರೆತಂದರು. ಪಟಿಯಾಲದಂಥ ದೊಡ್ಡ ಸಂಸ್ಥಾನಕ್ಕೆ ಇದು ಅಸಾಧ್ಯವಾದ ಖರ್ಚೇನಲ್ಲ. ಆದರೆ 1930ರ ದಶಕದ ಕೊನೆಯ ಭಾಗದಲ್ಲಿ, ಟೆಸ್ಟ್ ಕ್ರಿಕೆಟ್ಟಿನಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ವಿಕೆಟ್ ಪಡೆದಿದ್ದ ಬೌಲರ್ ಒಬ್ಬರು ಭಾರತಕ್ಕೆ ಬಂದದ್ದು ಪಟಿಯಾಲಕ್ಕಲ್ಲ, ಬಡೋದೆಗಲ್ಲ, ಮೈಸೂರಿಗೂ ಅಲ್ಲ. ಬಿಜಾಪುರದ ಪಶ್ಚಿಮದ ಬೆಂಗಾಡಿನಲ್ಲಿದ್ದ ಜತ್ತ ಎಂಬ ಚಿಕ್ಕ ಸಂಸ್ಥಾನದ ದೊರೆಯ ಕರೆಗೆ. ಅವರ ಹೆಸರು ಕ್ಲಾರೆನ್ಸ್ ವಿಕ್ಟರ್ ಗ್ರಿಮೆಟ್. ಕ್ರಿಕೆಟ್ ಲೋಕದಲ್ಲಿ ಕ್ಲಾರಿ ಗ್ರಿಮೆಟ್.

ಜತ್ತ ಇಂದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಪೂರ್ವ ತುದಿಯ ತಾಲೂಕು. ಒಂದೆಡೆ ಅಥಣಿ, ಇನ್ನೊಂದೆಡೆ ವಿಜಯಪುರ ಜಿಲ್ಲೆ ಇದರ ನೆರೆಯಾಗಿದ್ದು, ಗಡಿಯ ಹಳ್ಳಿಗಳಲ್ಲಿ ಮನೆಮಾತು ಕನ್ನಡವೇ. ಗುಡ್ಡಾಪುರದ ದಾನಮ್ಮದೇವಿಯ ಕ್ಷೇತ್ರಕ್ಕೆ ಗಡಿಯ ಎರಡೂ ಕಡೆಯ ಭಕ್ತರು ನಡೆದು ಬರುತ್ತಾರೆ. ಕನ್ನಡ ಮಾಧ್ಯಮದ ಶಾಲೆಗಳು ಈಗಲೂ ನಡೆಯುತ್ತಿವೆ. ಮಳೆ ಕೈಕೊಡುವುದು ಮಾತ್ರ ಭಾಷೆ ನೋಡಿ ಅಲ್ಲ. ಡಫಳಾಪುರದ ಪಾಟೀಲಿಕೆಯಿಂದ ಮೇಲೆ ಬಂದ ಡಫಳೆ ಮನೆತನ ಬಿಜಾಪುರದ ಆದಿಲಶಾಹಿಯ ಕಾಲದಲ್ಲಿ ಜತ್ತ, ಕರಜಗಿ ಮೊದಲಾದ ಪರಗಣೆಗಳ ದೇಶಮುಖಿ ಹಕ್ಕನ್ನು ಪಡೆದು, ಮರಾಠರ ಆಳ್ವಿಕೆಯನ್ನೂ ದಾಟಿ, ಬ್ರಿಟಿಷರ ಕಾಲದಲ್ಲಿ ಬಿಜಾಪುರ ಏಜೆನ್ಸಿಯ ಮೇಲ್ವಿಚಾರಣೆಗೆ ಒಳಪಟ್ಟ ಸಂಸ್ಥಾನಿಕ ಮನೆತನವಾಗಿ ಉಳಿಯಿತು. ಏಜೆನ್ಸಿ ಎಂದರೆ, ಸಂಸ್ಥಾನವನ್ನು ನೇರವಾಗಿ ಆಳದೆ, ಸರ್ಕಾರದ ಅಧಿಕಾರಿಯೊಬ್ಬನ ಕಣ್ಗಾವಲಿನಲ್ಲಿ ಅರಸನಿಂದಲೇ ಆಳಿಸುವ ವ್ಯವಸ್ಥೆ. ಈ ಮನೆತನದ ಕೊನೆಯ ದೊರೆ ವಿಜಯಸಿಂಗರಾವ್ ರಾಮರಾವ್ ಡಫಳೆಯವರಿಗೆ ಕ್ರಿಕೆಟ್ಟಿನ ಹುಚ್ಚು ಇತ್ತು. ಗ್ರಿಮೆಟ್ ಅವರನ್ನು ಕರೆಸಿಕೊಂಡವರು ಅವರೇ.

ಈ ಭಾಗದ ಜನಕ್ಕೆ ಇಂಥ ಆಶ್ರಯ ಹೊಸದೇನೂ ಆಗಿರಲಿಲ್ಲ. ಕೊಲ್ಲಾಪುರ, ಸಾಂಗಲಿ, ಮಿರಜ, ಜಮಖಂಡಿಗಳ ಅರಸರು ಕುಸ್ತಿ ತಾಲೀಮುಗಳನ್ನು ಕಟ್ಟಿಸಿ, ದೂರದ ಪಂಜಾಬಿನಿಂದಲೂ ಪೈಲವಾನರನ್ನು ಕರೆಸಿ, ಅವರಿಗೆ ಹಾಲು, ತುಪ್ಪ, ಬಾದಾಮಿಯ ಖುರಾಕು ಗೊತ್ತುಮಾಡಿ, ಊರ ಹುಡುಗರಿಗೆ ಪಟ್ಟು ಕಲಿಸಲು ವಸ್ತಾದರನ್ನು ನೇಮಿಸುತ್ತಿದ್ದ ಪದ್ಧತಿ ಬಹುಕಾಲದ್ದು. ದೂರದೇಶದ ಬೌಲರನನ್ನು ಅರಮನೆಯ ಮೈದಾನಕ್ಕೆ ಕರೆಸಿಕೊಂಡದ್ದು ಅದೇ ಪದ್ಧತಿಯ ಮುಂದುವರಿಕೆ. ಕೆಂಪು ಮಣ್ಣಿನ ಕಣದ ಬದಲು ಪಿಚ್ಚು, ಲಂಗೋಟದ ಬದಲು ಬಿಳಿಯ ಫ್ಲಾನೆಲ್ ಬಂದಿತ್ತು ಅಷ್ಟೆ.

ಕ್ರಿಕೆಟ್ಟಿನ ಈ ವಸ್ತಾದರು ಬಂದ ದಾರಿ ಬಹಳ ಸುತ್ತುಬಳಸಿನದು. ಗ್ರಿಮೆಟ್ ಹುಟ್ಟಿದ್ದು 1891ರ ಡಿಸೆಂಬರ್ 25ರಂದು, ನ್ಯೂಜಿಲೆಂಡಿನ ಡನೆಡಿನ್ ನಗರದ ಕ್ಯಾವರ್‌ಶಮ್ ಎಂಬಲ್ಲಿ. ಬೆಳೆದದ್ದು ವೆಲಿಂಗ್ಟನ್ನಿನಲ್ಲಿ. ಹುಡುಗನಾಗಿದ್ದಾಗ ವೇಗದ ಬೌಲಿಂಗಿನ ಮೋಹವಿದ್ದ ಅವರನ್ನು ಶಾಲೆಯ ಮೇಷ್ಟರೊಬ್ಬರು ಲೆಗ್‌ಬ್ರೇಕ್ ಎಸೆತಕ್ಕೆ ಒಲಿಸಿದರು. ಮಣಿಕಟ್ಟಿನ ಮತ್ತು ಬೆರಳುಗಳ ತಿರುವಿನಿಂದ ಚೆಂಡನ್ನು ಬುಗುರಿಯಂತೆ ಸುತ್ತಿಸಿ, ನೆಲಕ್ಕೆ ತಾಗಿದ ಮೇಲೆ ಬಲಗೈ ಬ್ಯಾಟ್ಸ್‌ಮನ್ನನ ಕಾಲಿನ ಕಡೆಯಿಂದ ಆಚೆಯ ಕಡೆಗೆ ಹೊರಳುವಂತೆ ಮಾಡುವ ಎಸೆತವೇ ಲೆಗ್‌ಬ್ರೇಕ್. ಕ್ರಿಕೆಟ್ಟಿನ ವಿದ್ಯೆಗಳಲ್ಲೇ ಕಲಿಯಲು ಅತಿ ಕಷ್ಟವಾದದ್ದೂ, ತಪ್ಪಿದರೆ ಅತಿ ದುಬಾರಿಯಾಗುವುದೂ ಇದು. ಶಾಲೆಯ ನಂತರ ಅವರು ಹಿಡಿದದ್ದು ಅಂಗಡಿ ಮುಂಗಟ್ಟುಗಳ ನಾಮಫಲಕ ಬರೆಯುವ ಕೆಲಸ. ಕುಂಚ ಹಿಡಿದು ಅಕ್ಷರದ ಅಂಚು ಕದಲದಂತೆ ಎಳೆಯುವ ಕೈಗೂ, ಒಂದೇ ಜಾಗಕ್ಕೆ ನೂರು ಸಲ ಚೆಂಡು ಬೀಳಿಸುವ ಕೈಗೂ ನಂಟು ಇದ್ದಿರಬೇಕೆಂದು ಊಹಿಸುವುದು ಚಪಲವೇ ಆದರೂ, ಅವರ ಬೌಲಿಂಗಿನ ಹೆಗ್ಗುರುತು ತಿರುವಿಗಿಂತ ಹೆಚ್ಚಾಗಿ ಈ ಕರಾರುವಾಕ್ಕುತನವೇ ಆಗಿತ್ತು.

ನ್ಯೂಜಿಲೆಂಡು ತನ್ನ ಮೊದಲ ಟೆಸ್ಟ್ ಪಂದ್ಯವನ್ನು ಆಡಿದ್ದು 1930ರಲ್ಲಿ. ಅದಕ್ಕೆ ಹದಿನಾರು ವರ್ಷ ಮೊದಲೇ, ಅಂದರೆ 1914ರಲ್ಲಿ, ಗ್ರಿಮೆಟ್ ಸಮುದ್ರ ದಾಟಿ ಸಿಡ್ನಿಗೆ ಬಂದಿದ್ದರು. ವಲಸೆ ಹೋದೊಡನೆ ಬಾಗಿಲು ತೆರೆಯಲಿಲ್ಲ. ಸಿಡ್ನಿಯಲ್ಲಿ ಕ್ಲಬ್ಬಿನ ಕ್ರಿಕೆಟ್ಟಿನಲ್ಲೇ ಮೂರು ವರ್ಷ ಕಳೆದವು. ಮುಂದೆ ಮೆಲ್ಬರ್ನಿಗೆ ನೆಲೆ ಬದಲಿಸಿದರೂ ವಿಕ್ಟೋರಿಯಾ ರಾಜ್ಯದ ತಂಡದವರು ಅಷ್ಟೂ ವರ್ಷಗಳಲ್ಲಿ ಬೆರಳೆಣಿಕೆಯ ಪಂದ್ಯಗಳಲ್ಲಿ ಮಾತ್ರ ಅವರನ್ನು ಆಡಿಸಿದರು. ಕುಳ್ಳ ದೇಹ, ಸಣಕಲು ಮೈಕಟ್ಟು, ಬೋಳಾಗುತ್ತಿದ್ದ ತಲೆಯನ್ನು ಮರೆಮಾಡಲು ಬೌಲಿಂಗ್ ಮಾಡುವಾಗಲೂ ತೆಗೆಯದ ಟೋಪಿ, ಭುಜದ ಮಟ್ಟಕ್ಕಿಂತ ಹೆಚ್ಚು ಏರದ ತೋಳು: ನೋಡುವವರಿಗೆ ಅವರಲ್ಲಿ ಬೌಲರನ ಗತ್ತು ಕಾಣುತ್ತಿರಲಿಲ್ಲ. ವಿಕ್ಟೋರಿಯಾದ ಪರವಾಗಿ ದಕ್ಷಿಣ ಆಸ್ಟ್ರೇಲಿಯದ ಎದುರು 86 ರನ್ನಿಗೆ 8 ವಿಕೆಟ್ ಪಡೆದ ಮೇಲೆ, ತಾವು ಯಾರನ್ನು ಸೋಲಿಸಿದರೋ ಅವರ ಊರಾದ ಅಡಿಲೇಡಿಗೇ 1924ರಲ್ಲಿ ಮೂರನೆಯ ಬಾರಿ ವಲಸೆ ಹೋದರು. ಅಲ್ಲಿ ಕೊನೆಗೂ ನೆಲೆ ನಿಂತರು.

1925ರ ಫೆಬ್ರವರಿ ಕೊನೆಯಲ್ಲಿ ಸಿಡ್ನಿಯಲ್ಲಿ ಇಂಗ್ಲೆಂಡಿನ ಎದುರು ಮೊದಲ ಟೆಸ್ಟ್ ಆಡಿದಾಗ ಅವರಿಗೆ ಮೂವತ್ಮೂರು ವರ್ಷ ತುಂಬಿತ್ತು. ಬಹಳಷ್ಟು ಆಟಗಾರರು ನಿವೃತ್ತಿಯ ಲೆಕ್ಕ ಹಾಕುವ ವಯಸ್ಸು. ಮೊದಲ ಇನಿಂಗ್ಸಿನಲ್ಲಿ 45 ರನ್ನಿಗೆ 5, ಎರಡನೆಯದರಲ್ಲಿ 37 ರನ್ನಿಗೆ 6 ವಿಕೆಟ್ ಬಿದ್ದವು. 1930ರ ಇಂಗ್ಲೆಂಡ್ ಪ್ರವಾಸದಲ್ಲಿ ಶೆಫೀಲ್ಡಿನಲ್ಲಿ ಯಾರ್ಕ್‌ಶೈರ್ ತಂಡದ ಹತ್ತೂ ವಿಕೆಟ್‌ಗಳನ್ನು 37 ರನ್ನಿಗೆ ಒಬ್ಬರೇ ಉರುಳಿಸಿದರು. ಆ ಸಲದ ಐದು ಟೆಸ್ಟ್‌ಗಳಲ್ಲಿ 29 ವಿಕೆಟ್ ಪಡೆದರು. ಆ ಪ್ರವಾಸವನ್ನು ಜಗತ್ತು ನೆನಪಿಟ್ಟುಕೊಂಡಿರುವುದು ಡಾನ್ ಬ್ರಾಡ್‌ಮನ್ನರ 974 ರನ್ನುಗಳಿಗಾಗಿ. ಆದರೆ ರನ್ನು ಎಷ್ಟಿದ್ದರೂ ಎದುರಾಳಿಯನ್ನು ಎರಡು ಬಾರಿ ಔಟು ಮಾಡುವವನಿಲ್ಲದೆ ಪಂದ್ಯ ಗೆಲ್ಲಲಾಗದು ಎಂಬ ಸರಳ ಸತ್ಯವನ್ನು ದಾಖಲೆಪ್ರಿಯರು ಆಗಾಗ ಮರೆಯುತ್ತಾರೆ.

ಅವರ ಕಲಿಕೆ ಬಹುಪಾಲು ಏಕಾಂತದ್ದು. ಅಡಿಲೇಡಿನ ಮನೆಯ ಹಿತ್ತಲಿನಲ್ಲಿ ಪಿಚ್ಚು ಮಾಡಿಕೊಂಡು, ಎಸೆದ ಚೆಂಡುಗಳನ್ನು ಹೆಕ್ಕಿ ತರಲು ತಮ್ಮ ನಾಯಿಗೇ ತರಬೇತಿ ಕೊಟ್ಟು, ಒಬ್ಬರೇ ಗಂಟೆಗಟ್ಟಲೆ ಎಸೆಯುತ್ತಿದ್ದರು. ಹಾಗೆ ವರ್ಷಗಟ್ಟಲೆ ಹದಗೊಳಿಸಿ ಅವರು ಹೊರತಂದ ಎಸೆತ ಫ್ಲಿಪ್ಪರ್. ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಚೆಂಡನ್ನು ಚಿಟಿಕೆ ಹೊಡೆದಂತೆ ಹಿಂಡಿ ಬಿಟ್ಟಾಗ ಅದು ಹಿಮ್ಮುಖವಾಗಿ ಸುತ್ತುತ್ತ ಹೋಗಿ, ನೆಲಕ್ಕೆ ತಾಗಿದ ಮೇಲೆ ಬ್ಯಾಟ್ಸ್‌ಮನ್ ಎಣಿಸಿದ್ದಕ್ಕಿಂತ ಕೆಳಗೆ, ಎಣಿಸಿದ್ದಕ್ಕಿಂತ ಬೇಗ ಜಾರಿ ಬರುತ್ತದೆ. ಹಿಂದಕ್ಕೆ ಸರಿದು ಆಡಲು ನಿಂತವನು ಗೂಟದ ಮುಂದೆ ಕಾಲು ಕೊಟ್ಟು ಸಿಕ್ಕಿಬೀಳುತ್ತಾನೆ. ಈ ಎಸೆತ ಕೈಬಿಡುವಾಗ ಬೆರಳಿನಿಂದ ಸದ್ದು ಬರುವುದನ್ನು ಎದುರಾಳಿಗಳು ಗುರುತಿಸತೊಡಗಿದಾಗ, ಸಾಧಾರಣ ಲೆಗ್‌ಬ್ರೇಕ್ ಎಸೆಯುವಾಗ ಎಡಗೈಯಲ್ಲಿ ಬೇಕೆಂದೇ ಚಿಟಿಕೆ ಹೊಡೆದು ಅವರನ್ನು ಗೊಂದಲಗೊಳಿಸುತ್ತಿದ್ದರೆಂದು ಅವರನ್ನು ಬಲ್ಲವರು ಹೇಳಿದ್ದಾರೆ. ಇಂದು ಮಣಿಕಟ್ಟಿನ ಸ್ಪಿನ್ ಹಾಕುವ ಯಾವ ಬೌಲರನೂ ಈ ಎಸೆತದ ಋಣದಿಂದ ಹೊರತಲ್ಲ.

1935-36ರ ದಕ್ಷಿಣ ಆಫ್ರಿಕಾ ಪ್ರವಾಸದ ನಡುವೆ ಅವರಿಗೆ ನಲವತ್ನಾಲ್ಕು ವರ್ಷ ತುಂಬಿತು, ಐದು ಟೆಸ್ಟ್‌ಗಳಲ್ಲಿ ಅವರು ಪಡೆದ ವಿಕೆಟ್‌ಗಳೂ 44. ಸಿಡ್ನಿ ಬಾರ್ನ್ಸ್ ಅವರ 189 ವಿಕೆಟ್‌ಗಳ ದಾಖಲೆಯನ್ನು ದಾಟಿ, ಟೆಸ್ಟ್ ಕ್ರಿಕೆಟ್ಟಿನಲ್ಲಿ 200ರ ಗಡಿ ಮುಟ್ಟಿದ ಮೊದಲ ಬೌಲರ್ ಎನಿಸಿ, ಡರ್ಬಾನಿನ ಕೊನೆಯ ಪಂದ್ಯದಲ್ಲಿ ಹದಿಮೂರು ವಿಕೆಟ್ ಪಡೆದರು. ಅಷ್ಟಾದ ಮೇಲೆ ಆಸ್ಟ್ರೇಲಿಯದ ಆಯ್ಕೆಗಾರರು ಅವರನ್ನು ಮತ್ತೆಂದೂ ಟೆಸ್ಟಿಗೆ ಕರೆಯಲಿಲ್ಲ. 37 ಟೆಸ್ಟ್‌ಗಳಲ್ಲಿ 216 ವಿಕೆಟ್ ಎಂಬಲ್ಲಿಗೆ ಲೆಕ್ಕ ನಿಂತಿತು. 1953ರಲ್ಲಿ ಇಂಗ್ಲೆಂಡಿನ ಅಲೆಕ್ ಬೆಡ್ಸರ್ ದಾಟುವ ತನಕ ಆ ದಾಖಲೆ ಹಾಗೆಯೇ ಇತ್ತು. 1938ರ ಇಂಗ್ಲೆಂಡ್ ಪ್ರವಾಸಕ್ಕೆ ಗ್ರಿಮೆಟ್ ಬದಲು ಆರಿಸಿದ ಫ್ರಾಂಕ್ ವಾರ್ಡ್ ಒಂದೇ ಟೆಸ್ಟ್ ಆಡಿ, 142 ರನ್ ಕೊಟ್ಟು ಒಂದೂ ವಿಕೆಟ್ ಪಡೆಯದೆ ಹಿಂದಿರುಗಿದರು. ಜೊತೆಗಾರ ಬೌಲರ್ ಬಿಲ್ ಓ’ರೈಲಿ ಈ ಅನ್ಯಾಯವನ್ನು ಜೀವನಪರ್ಯಂತ ಎತ್ತಿ ಆಡುತ್ತಲೇ ಇದ್ದರು. ವಯಸ್ಸಾಯಿತೆಂಬುದು ಆಯ್ಕೆಗಾರರ ವಾದವಾಗಿದ್ದಿರಬಹುದು. ಆದರೆ ನಲವತ್ತರ ಮೇಲೂ ಪ್ರತಿವರ್ಷ ಬೆಳೆಯುತ್ತಿದ್ದ ವಿದ್ಯೆಗೆ ಜನ್ಮದಿನಾಂಕವನ್ನು ಅಳತೆಗೋಲು ಮಾಡಿದ್ದು ತರವಲ್ಲ.

ಹೀಗೆ ತನ್ನ ದೇಶದ ತಂಡಕ್ಕೆ ಬೇಡವಾದ, ಆದರೆ ವಿದ್ಯೆ ಸವೆಯದ ಆಟಗಾರ ಜತ್ತದ ಅರಸರಿಗೆ ಒದಗಿದರು. ನಾಮಫಲಕ ಬರೆದು ಹೊಟ್ಟೆ ಹೊರೆದ ಮನುಷ್ಯನಿಗೆ, ಬೌಲಿಂಗಿನ ಬಗ್ಗೆ 1930 ಮತ್ತು 1934ರಲ್ಲಿ ಎರಡು ಪುಸ್ತಕ ಬರೆದಿದ್ದರೂ, ಬರೀ ಕ್ರಿಕೆಟ್ಟಿನಿಂದ ಆಸ್ಟ್ರೇಲಿಯದಲ್ಲಿ ಸಂಸಾರ ನಡೆಯುವಂತಿರಲಿಲ್ಲ. ಇಂಗ್ಲೆಂಡಿನಲ್ಲಿ ಸಂಬಳಕ್ಕೆ ಆಡುವವರನ್ನು ‘ಪ್ಲೇಯರ್ಸ್’, ಹವ್ಯಾಸಕ್ಕೆ ಆಡುವ ಮೇಲ್ವರ್ಗದವರನ್ನು ‘ಜೆಂಟಲ್‌ಮೆನ್’ ಎಂದು 1962ರವರೆಗೂ ಬೇರೆಬೇರೆಯಾಗಿಯೇ ಕರೆಯಲಾಗುತ್ತಿತ್ತು. ಭಾರತದ ಸಂಸ್ಥಾನಗಳಲ್ಲಿ ಈ ಗೆರೆ ಇನ್ನೊಂದು ರೂಪ ತಾಳಿತು: ಆಟಗಾರನನ್ನು ಅರಮನೆಯ ನೌಕರಿಗೆ ಸೇರಿಸಿಕೊಂಡು, ಹೆಸರಿಗೆ ಎ.ಡಿ.ಸಿ. (ಅರಸನ ಆಪ್ತ ಸಹಾಯಕ ಅಧಿಕಾರಿ) ಎಂದೋ ಸೇನಾಧಿಕಾರಿ ಎಂದೋ ಹುದ್ದೆ ಕೊಟ್ಟು, ನಿಜದಲ್ಲಿ ಆಡಲಿಕ್ಕೆಂದೇ ಇರಿಸಿಕೊಳ್ಳುವುದು. ಹಜೇರಿ ಪುಸ್ತಕದಲ್ಲಿ ಕಾರಕೂನ, ಮೈದಾನದಲ್ಲಿ ಆರಂಭಿಕ ಬ್ಯಾಟ್ಸ್‌ಮನ್.

ಈ ಭಾರತವಾಸದ ಕಾಲದಲ್ಲಿ ಗ್ರಿಮೆಟ್ ಅವರ ಮಾರ್ಗದರ್ಶನಕ್ಕೆ ಬಂದವರಲ್ಲಿ ಮುಂದೆ ಜಗತ್ಪ್ರಸಿದ್ಧರಾದವರು ವಿಜಯ ಸಾಮ್ಯುಯೆಲ್ ಹಜಾರೆ. ಅವರು ಹುಟ್ಟಿದ್ದು 1915ರ ಮಾರ್ಚ್ 11ರಂದು, ಅಂದು ಪಟವರ್ಧನ ಅರಸರ ಸಂಸ್ಥಾನವಾಗಿದ್ದ ಸಾಂಗಲಿಯಲ್ಲಿ, ಶಾಲಾ ಮಾಸ್ತರರೊಬ್ಬರ ಮಗನಾಗಿ, ಮರಾಠಿ ಮಾತಾಡುವ ಪ್ರಾಟೆಸ್ಟೆಂಟ್ ಕ್ರೈಸ್ತ ಕುಟುಂಬದಲ್ಲಿ. ಹಜಾರೆಯವರ ಬ್ಯಾಟಿಂಗ್ ಶೈಲಿ ಪಠ್ಯಪುಸ್ತಕಕ್ಕೆ ಹೊಂದುವಂಥದ್ದಲ್ಲ. ಬ್ಯಾಟಿನ ಹಿಡಿಯ ಮೇಲೆ ಎರಡು ಕೈಗಳು ಒಂದಕ್ಕೊಂದು ತಾಗಿಕೊಂಡಿರಬೇಕೆಂಬುದು ಅಂದಿನ ಶಾಸ್ತ್ರ. ಹಜಾರೆಯವರ ಕೈಗಳ ನಡುವೆ ಎದ್ದು ಕಾಣುವ ಅಂತರವಿತ್ತು, ನಿಲ್ಲುವ ಭಂಗಿಯಲ್ಲಿ ಬ್ಯಾಟು ಎರಡು ಪ್ಯಾಡುಗಳ ನಡುವೆ ಸೇರಿಕೊಂಡಿರುತ್ತಿತ್ತು. ಇಂಗ್ಲೆಂಡಿನ ಪದ್ಧತಿಯಲ್ಲಿ ಪಳಗಿದ ಯಾವ ತರಬೇತುದಾರನಾದರೂ ಮೊದಲ ದಿನವೇ ಅದನ್ನು ತಿದ್ದಲು ಹೊರಡುತ್ತಿದ್ದ. ಗ್ರಿಮೆಟ್ ತಿದ್ದಲಿಲ್ಲ. ಹಿಡಿತವನ್ನು ಬದಲಿಸಬೇಡವೆಂದೇ ಹೇಳಿದರು.

ಗ್ರಿಮೆಟ್ ಜತ್ತದ ಕರೆಗೆ ಬಂದು ಬಿಟ್ಟುಹೋದದ್ದರಲ್ಲಿ ಅತಿ ದೊಡ್ಡದು ಈ ಒಂದು ಸಲಹೆಯೇ ಎನ್ನಬೇಕು. ಲೆಗ್‌ಸ್ಪಿನ್ನಿನ ಮಹಾಗುರು ಬಂದರೂ ಈ ನೆಲದಿಂದ ಹೆಸರಾಂತ ಲೆಗ್‌ಸ್ಪಿನ್ನರ್ ಏಳಲಿಲ್ಲ, ಎದ್ದವರು ಬ್ಯಾಟ್ಸ್‌ಮನ್ ಎಂಬುದು ಮೇಲುನೋಟಕ್ಕೆ ವಿಚಿತ್ರ. ಆದರೆ ಬ್ಯಾಟ್ಸ್‌ಮನ್ನರ ದೌರ್ಬಲ್ಯವನ್ನು ಹುಡುಕುವುದೇ ಲೆಗ್‌ಸ್ಪಿನ್ನರನ ಕಸುಬಾದ್ದರಿಂದ, ಯಾವ ಕೊರತೆ ನಿಜವಾದ ಕೊರತೆ, ಯಾವುದು ಬರೀ ಕಣ್ಣಿಗೆ ಒಗ್ಗದ ಚಾಳಿ ಎಂಬುದು ಅವನಿಗೆ ತಿಳಿದಷ್ಟು ಇನ್ನೊಬ್ಬನಿಗೆ ತಿಳಿಯದು. ಜೊತೆಗೆ ತಗ್ಗಿದ ತೋಳಿಗಾಗಿ, ಸಣ್ಣ ಮೈಕಟ್ಟಿಗಾಗಿ ಹತ್ತು ವರ್ಷ ಎರಡು ರಾಜ್ಯಗಳಲ್ಲಿ ಮೂಲೆಗುಂಪಾದವರು, ಇನ್ನೊಬ್ಬನ ಕೈಯ ಹಿಡಿತ ನೋಡಿ ಅವನನ್ನು ಅಳೆಯಲು ಹೋಗದಿದ್ದುದು ಸಹಜ.

ಹಜಾರೆಯವರ ಜೀವನವೂ ಒಂದು ಬಗೆಯ ವಲಸೆಯೇ: ಮಹಾರಾಷ್ಟ್ರ ತಂಡ, ಮಧ್ಯ ಭಾರತ ತಂಡ, ದೇವಾಸ್ ಹಿರಿಯ ಸಂಸ್ಥಾನದ ಆಶ್ರಯ, ಕೊನೆಗೆ ಗಾಯಕವಾಡರ ಬಡೋದೆ. 1939-40ರಲ್ಲಿ ಪುಣೆಯಲ್ಲಿ ಬಡೋದೆಯ ಎದುರು ಔಟಾಗದೆ 316 ರನ್ ಗಳಿಸಿ, ಮುಂದೆ ಅದೇ ಬಡೋದೆಯ ಪಾಲಾದರು. ಗ್ರಿಮೆಟ್ ಅಡಿಲೇಡಿಗೆ ಹೋದ ಬಗೆಯನ್ನೇ ಇದು ಹೋಲುತ್ತದೆ. 1943-44ರಲ್ಲಿ ಮುಂಬಯಿಯ ಪೆಂಟ್ಯಾಂಗ್ಯುಲರ್ ಫೈನಲಿನಲ್ಲಿ ಅವರು ಆಡಿದ ಇನಿಂಗ್ಸನ್ನು ಪ್ರತ್ಯೇಕವಾಗಿ ಹೇಳಬೇಕು. ಹಿಂದೂ, ಮುಸ್ಲಿಂ, ಪಾರ್ಸಿ, ಯುರೋಪಿಯನ್ ಎಂದು ಮತದ ಆಧಾರದ ಮೇಲೆ ತಂಡಗಳನ್ನು ಕಟ್ಟಿ ಆಡುತ್ತಿದ್ದ ಆ ಪಂದ್ಯಾವಳಿಯಲ್ಲಿ, ಇವಾವುದಕ್ಕೂ ಸೇರದ ಕ್ರೈಸ್ತರು ಮೊದಲಾದವರಿಗಾಗಿ ‘ಉಳಿದವರು’ ಎಂಬ ಐದನೆಯ ತಂಡವಿತ್ತು. ಹಿಂದೂ ತಂಡದ ಎದುರು ಆ ತಂಡ ಎರಡನೆಯ ಇನಿಂಗ್ಸಿನಲ್ಲಿ ಗಳಿಸಿದ 387 ರನ್ನುಗಳಲ್ಲಿ ಹಜಾರೆಯವರದೇ 309. ತಮ್ಮ ವಿವೇಕ ಹಜಾರೆ ಇನ್ನೊಂದು ತುದಿಯಲ್ಲಿ ಗಟ್ಟಿಯಾಗಿ ನಿಂತು, ಇಬ್ಬರೂ ಸೇರಿಸಿದ 300 ರನ್ನುಗಳಿಗೆ ತಮ್ಮ ಪಾಲೆಂದು 21 ಕೊಟ್ಟರು. 1946-47ರ ರಣಜಿ ಫೈನಲಿನಲ್ಲಿ ಬಡೋದೆಯ ಪರವಾಗಿ ಹೋಳ್ಕರ್ ತಂಡದ ಎದುರು ಗುಲ್ ಮಹಮ್ಮದರೊಡನೆ ನಾಲ್ಕನೆಯ ವಿಕೆಟ್ಟಿಗೆ 577 ರನ್ ಸೇರಿಸಿದ್ದೂ ಇವರೇ.

1948ರ ಜನವರಿ ಕೊನೆಯಲ್ಲಿ, ಸ್ವತಂತ್ರ ಭಾರತದ ಮೊದಲ ಕ್ರಿಕೆಟ್ ಪ್ರವಾಸದಲ್ಲಿ, ಗ್ರಿಮೆಟ್ ನೆಲೆಸಿದ್ದ ಅಡಿಲೇಡಿನಲ್ಲೇ ಹಜಾರೆ 116 ಮತ್ತು 145 ರನ್ ಹೊಡೆದು, ಒಂದೇ ಟೆಸ್ಟಿನ ಎರಡೂ ಇನಿಂಗ್ಸುಗಳಲ್ಲಿ ಶತಕ ಗಳಿಸಿದ ಮೊದಲ ಭಾರತೀಯರಾದರು. ಎದುರಿಗಿದ್ದವರು ಆಸ್ಟ್ರೇಲಿಯದ ವೇಗದ ಬೌಲರುಗಳಾದ ಲಿಂಡ್‌ವಾಲ್, ಮಿಲ್ಲರ್. ಭಾರತ ಆ ಪಂದ್ಯವನ್ನು ಇನಿಂಗ್ಸ್ ಅಂತರದಿಂದ ಸೋತರೂ, ಬೇರೆಬೇರೆ ಹಿಡಿದ ಆ ಎರಡು ಕೈಗಳನ್ನು ಜಗತ್ತಿನ ಅತಿ ವೇಗದ ಬೌಲಿಂಗ್ ಅಲ್ಲಾಡಿಸಲಾಗಲಿಲ್ಲ. ನಾಲ್ಕು ವರ್ಷಗಳ ಮೇಲೆ, 1952ರ ಫೆಬ್ರವರಿಯಲ್ಲಿ, ಮದರಾಸಿನಲ್ಲಿ ಇಂಗ್ಲೆಂಡನ್ನು ಇನಿಂಗ್ಸ್ ಮತ್ತು 8 ರನ್ನುಗಳಿಂದ ಸೋಲಿಸಿ ಭಾರತ ತನ್ನ ಮೊದಲ ಟೆಸ್ಟ್ ಗೆಲುವು ಪಡೆದಾಗ ನಾಯಕರಾಗಿದ್ದವರೂ ಹಜಾರೆಯವರೇ. ಶಾಂತ ಸ್ವಭಾವದ ಅವರಿಗೆ ನಾಯಕತ್ವ ಒಗ್ಗುವ ಉಡುಪಾಗಿರಲಿಲ್ಲ ಎಂಬುದು ಸಮಕಾಲೀನರ ಅಭಿಪ್ರಾಯ, ಮತ್ತು ಅದು ಸುಳ್ಳೆನಿಸುವುದಿಲ್ಲ.

ಅಡಿಲೇಡಿನ ಆ ಶತಕಗಳಾಗಿ ಆರು ವಾರ ಕಳೆಯುವಷ್ಟರಲ್ಲಿ, 1948ರ ಮಾರ್ಚ್ 8ರಂದು, ದಕ್ಷಿಣ ಮರಾಠಾ ಪ್ರದೇಶದ ಇತರ ಸಂಸ್ಥಾನಗಳೊಂದಿಗೆ ಜತ್ತವೂ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅರಸೊತ್ತಿಗೆ ಹೋದಂತೆ ಅರಮನೆಯ ಆಟದ ಖರ್ಚೂ ನಿಂತಿತು. ಆಟಗಾರರಿಗೆ ನೌಕರಿ ಕೊಡುವ ಹೊಣೆ ಕ್ರಮೇಣ ರೈಲ್ವೆ, ಬ್ಯಾಂಕು, ಖಾಸಗಿ ಕಂಪನಿಗಳಿಗೆ ದಾಟಿತು. ಜತ್ತ ದಕ್ಷಿಣ ಸಾತಾರಾ ಜಿಲ್ಲೆಯೊಳಗೆ ಸೇರಿತು, ಆ ಜಿಲ್ಲೆಗೆ 1960ರಲ್ಲಿ ಸಾಂಗಲಿ ಎಂದು ಹೆಸರಾಯಿತು. ಗ್ರಿಮೆಟ್ 1980ರ ಮೇ 2ರಂದು ಅಡಿಲೇಡಿನಲ್ಲಿ ತೀರಿಕೊಂಡರು. 1960ರಲ್ಲಿ ಪದ್ಮಶ್ರೀ ಪಡೆದ ಮೊದಲ ಕ್ರಿಕೆಟಿಗರಲ್ಲಿ ಒಬ್ಬರಾದ ಹಜಾರೆ 2004ರ ಡಿಸೆಂಬರ್ 18ರಂದು ವಡೋದರದಲ್ಲಿ ನಿಧನರಾದರು. ಇಂದು ರಾಜ್ಯ ತಂಡಗಳ ನಡುವಿನ ಐವತ್ತು ಓವರುಗಳ ಪಂದ್ಯಾವಳಿಗೆ ಅವರದೇ ಹೆಸರಿದ್ದು, ಅದರ ಟ್ರೋಫಿಯನ್ನು ಕರ್ನಾಟಕ ಹಲವು ಬಾರಿ ಗೆದ್ದಿದೆ. ಜತ್ತದ ಕನ್ನಡ ಶಾಲೆಯ ಹುಡುಗನೊಬ್ಬ ಅದರಲ್ಲಿ ಆಡುವಷ್ಟು ಬೆಳೆದರೆ, ಗಡಿಯ ಆಚೆ ಇರುವ ತನಕ ಅವನು ಆಡಬೇಕಾದದ್ದು ಮಹಾರಾಷ್ಟ್ರದ ಪರವಾಗಿ.